ಮಂಗ ಸತ್ತದ್ದು ಯಾಕೆ? ಒಂದೇ ಪ್ರಶ್ನೆ ಕೈಯಿಂದ ಕೈಗೆ ದಾಟಿದ ಬಗೆ

ಮೊದಲು ಒಂದು ಗೊಂದಲ ಕಳೆದುಬಿಡೋಣ. ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಬಾವು ಅಂದರೆ ಮಕ್ಕಳಿಗೆ ಜಾಸ್ತಿ ಬರುವ, ಕೆನ್ನೆ ಊದಿಸುವ ಸೋಂಕು. ಮಂಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈಚೆಗೆ ಸುದ್ದಿಯಲ್ಲಿದ್ದ ಮಂಕಿಪಾಕ್ಸ್ ಇನ್ನೂ ಬೇರೆ. ಇಲ್ಲಿ ಹೇಳಹೊರಟಿರುವುದು ಮಂಗನ ಕಾಯಿಲೆಯ ಬಗ್ಗೆ. ಅದರ ಇನ್ನೊಂದು ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆಎಫ್‌ಡಿ. ಡಿಸೆಂಬರ್ ಬಂತೆಂದರೆ ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಕಾಣಿಸಿಕೊಂಡು, ಮಳೆ ಹಿಡಿದ ಮೇಲೆ ಮಾಯವಾಗುವ ಕಾಯಿಲೆ.

ಇದು ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಡಾಕ್ಟರು ವೈರಸ್ ಎನ್ನುತ್ತಾರೆ. ಪಶುವೈದ್ಯರು ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗು ಎನ್ನುತ್ತಾರೆ. ಪರಿಸರದವರು ಕಾಡು ಕಡಿದದ್ದು ಎನ್ನುತ್ತಾರೆ. ಊರಿನ ಹಿರಿಯರು ಹೇಳುವುದೇ ಬೇರೆ. ತಮಾಷೆಯೆಂದರೆ ಇದರಲ್ಲಿ ಯಾವುದನ್ನೂ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಸುಮಾರು ಎಪ್ಪತ್ತು ವರ್ಷಗಳಿಂದ ಒಂದೇ ಪ್ರಶ್ನೆ ಒಂದು ಶಾಸ್ತ್ರದ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ಹೋಗುತ್ತಾ ಬಂದಿದೆ. ಹೋದಲ್ಲೆಲ್ಲ ಅದರ ರೂಪ ಸ್ವಲ್ಪ ಬದಲಾಗಿದೆ.

1957ರ ಬೇಸಿಗೆ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಕ್ಯಾಸನೂರು ಕಾಡಿನಲ್ಲಿ ಕಪ್ಪು ಮೂತಿಯ ಮುಸಿಯಗಳೂ ಕೆಂಪು ಮೂತಿಯ ಕೋತಿಗಳೂ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ತಲೆ ಸಿಡಿಯುವ ನೋವು, ಮೈಕೈ ನೋವು, ಕೆಲವರಿಗೆ ಒಸಡಿನಲ್ಲಿ ರಕ್ತ. ಮೊದಲು ಟೈಫಾಯಿಡ್ ಇರಬಹುದು ಎಂದುಕೊಂಡರು. ಅಲ್ಲ ಎಂದಾಯಿತು. ಆಮೇಲೆ ಬಂದದ್ದು ನಿಜವಾದ ಭಯ. ಮಂಗ ಸಾಯುವುದು, ಜೊತೆಗೆ ಮನುಷ್ಯರಿಗೆ ಜ್ವರ ಬರುವುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಅದು ಏಷ್ಯಾಕ್ಕೆ ಯಾವತ್ತೂ ಕಾಲಿಟ್ಟಿರಲಿಲ್ಲ. ಕಾಲಿಟ್ಟಿದ್ದರೆ ಗತಿ ಏನು?

ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ್ದ ವೈರಸ್ ಸಂಶೋಧನಾ ಕೇಂದ್ರವಿತ್ತು. ಅಲ್ಲಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತವರ ತಂಡ ಓಡಿಬಂತು. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿದರು. ಹಳದಿ ಜ್ವರ ಅಲ್ಲ ಎಂದು ಖಾತ್ರಿಯಾಯಿತು. ಹರಡುವುದು ಉಣುಗಿನಿಂದ ಎಂದೂ ಗೊತ್ತಾಯಿತು. 'ಯಾಕೆ ಸತ್ತವು' ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಮಟ್ಟಿಗೆ ಉತ್ತರ ಸಿಕ್ಕಿತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ.

ಸಿಕ್ಕ ವೈರಸ್ಸಿನ ಹತ್ತಿರದ ನೆಂಟರು ಇದ್ದದ್ದು ರಷ್ಯಾದಲ್ಲಿ, ಸೈಬೀರಿಯಾದಲ್ಲಿ. ಹಾಗಾಗಿ ಎರಡನೇ ಪ್ರಶ್ನೆ ಹುಟ್ಟಿತು: ಅಲ್ಲಿಂದ ಸೊರಬಕ್ಕೆ ಇದು ಬಂದದ್ದು ಹೇಗೆ? ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳು ಗರಿಗಳ ನಡುವೆ ಉಣುಗು ಹೊತ್ತು ತಂದಿರಬಹುದು ಎಂಬ ಊಹೆ. ಪ್ರಶ್ನೆ ಹಕ್ಕಿಶಾಸ್ತ್ರದ ಕೈಗೆ ಹೋಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರುಮಾಡಿದರು. ಮುಂದೆ ಅದೇ ಕೆಲಸಕ್ಕೆ ಅಮೆರಿಕದ ಸೇನೆಯ ದುಡ್ಡೂ ಸೇರಿತು. 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಅದನ್ನು ಕೆದಕಿದಾಗ ದೊಡ್ಡ ಗದ್ದಲವೇ ಆಯಿತು. ನಮ್ಮ ಹಕ್ಕಿಗಳು ಎಲ್ಲಿಗೆ ಹೋಗಿ ಬರುತ್ತವೆ ಎಂಬ ಒಳ್ಳೆಯ ತಿಳಿವಳಿಕೆ ಇದರಿಂದ ಸಿಕ್ಕಿತು. ಹಕ್ಕಿಯೇ ವೈರಸ್ ತಂದಿತು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ಈ ರಷ್ಯಾ ನೆಂಟಸ್ತಿಕೆ ಬರೀ ಕಾಗದದ ಮೇಲೆ ಉಳಿಯಲಿಲ್ಲ. ರಷ್ಯಾದ ಜ್ವರಕ್ಕೆಂದು ಮಾಡಿದ ಲಸಿಕೆಯನ್ನೇ 1950ರ ದಶಕದ ಕೊನೆಗೆ ಇಲ್ಲಿನ ಜನರಿಗೆ ಚುಚ್ಚಿ ನೋಡಿದರು. ಕೆಲಸ ಮಾಡಲಿಲ್ಲ.

ಹೋರ್ಹೆ ಬೊಶೆಲ್ ಬಂದದ್ದು ಈ ಹಂತದಲ್ಲಿ. ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾಗುವ ಮನುಷ್ಯ. ಕೊಲಂಬಿಯಾದವರು. ಅಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದಾಗ ಅವರಿಗೊಂದು ಒಗಟು ಎದುರಾಗಿತ್ತು. ಕಾಡಿನ ನೆಲದಲ್ಲಿ ಆ ಜ್ವರ ಹರಡುವ ಸೊಳ್ಳೆ ಸಿಗುವುದೇ ಅಪರೂಪ, ಆದರೂ ಮರ ಕಡಿಯುವವರಿಗೆ ಜ್ವರ. ಒಂದು ದಿನ ಮರ ಕಡಿಯುವಲ್ಲಿ ನಿಂತು ನೋಡಿದರು. ಮರ ನೆಲಕ್ಕೆ ಉರುಳಿತು, ನೆತ್ತಿಯ ಕೊಂಬೆಗಳ ಜೊತೆ ನೀಲಿ ಸೊಳ್ಳೆಗಳ ಹಿಂಡೂ ಕೆಳಗೆ ಬಂತು. ಒಗಟು ಒಡೆಯಿತು. ಈ ಕಣ್ಣಿಟ್ಟುಕೊಂಡು ಅವರು 1960ರ ದಶಕದಲ್ಲಿ ಸಾಗರ–ಸೊರಬದ ಕಾಡಿಗೆ ಬಂದರು.

ಅವರ ಪ್ರಶ್ನೆ ಸರಳವಾಗಿತ್ತು. ವೈರಸ್ ಎಲ್ಲಿಂದಲಾದರೂ ಬಂದಿರಲಿ, ಇಲ್ಲೇ ಮೊದಲಿಂದ ಇದ್ದಿರಲಿ. ಈಗಲೇ ಯಾಕೆ ಎದ್ದಿತು?

ಉಣುಗು ಹಿಡಿಯುವ ವಿಧಾನವನ್ನು ಹೇಳಲೇಬೇಕು. ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಕಾಡಿನ ಒಣ ಎಲೆಗಳ ಮೇಲೆ ಎಳೆದುಕೊಂಡು ಹೋಗುವುದು. ಸ್ವಲ್ಪ ದೂರಕ್ಕೊಮ್ಮೆ ನಿಂತು ಬಟ್ಟೆ ಮಗುಚಿ, ಅಂಟಿದ್ದನ್ನು ಚಿಮಟದಲ್ಲಿ ಹೆಕ್ಕಿ ಸೀಸೆಗೆ ಹಾಕುವುದು. ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು. ಕಪ್ಪು ಮಣ್ಣಿನ ಚುಕ್ಕಿ ಅಂದುಕೊಂಡು ಬಿಟ್ಟುಬಿಡಬೇಕು, ಹಾಗಿರುತ್ತದೆ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಈ ಮರಿಯೇ.

ದೊಡ್ಡ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿಯ ರಕ್ತ. ಹಳೆಯ ಕಾಡಿನಲ್ಲಿ ಅಂಥ ಪ್ರಾಣಿ ಅಲ್ಲೊಂದು ಇಲ್ಲೊಂದು. ಊರು ಬೆಳೆದು, ಕಾಡಿನ ಅಂಚು ಕರಗಿ, ದನಗಳು ದಿನವೂ ಒಳಗೆ ಮೇಯಲು ಹೊರಟಾಗ ಉಣುಗಿಗೆ ಹಬ್ಬ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಕೊಟ್ಟಿಗೆಗೆ ಬಂದ ಹಸುವಿನ ಕಿವಿಯೊಳಗೆ ಬೆರಳು ಹಾಕಿ, ಹುಣಸೆಬೀಜದಷ್ಟು ಊದಿದ್ದನ್ನು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕಿದ ನೆನಪು ನಮಗೆಲ್ಲ ಇದೆ. ಒಂದೊಂದು ಹೆಣ್ಣು ಉಣುಗೂ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನ ವೈರಸ್ ಹರಡುವುದಿಲ್ಲ, ಅದಕ್ಕೆ ಕಾಯಿಲೆಯೂ ಬರುವುದಿಲ್ಲ. ಅದು ಸಾಕುವುದು ಉಣುಗಿನ ಸಂತಾನವನ್ನು. ವೈರಸ್ಸನ್ನು ಹೆಚ್ಚಿಸಿಕೊಡುವುದು ಮಂಗ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಸುತ್ತ ಉದುರುತ್ತವೆ. ಆ ಜಾಗ ತಿಂಗಳುಗಟ್ಟಲೆ ಅಪಾಯದ ಜಾಗ. ಬೊಶೆಲ್ 1969ರಲ್ಲಿ ಇದನ್ನೆಲ್ಲ ಬರೆದರು. ಕಾಡು, ದನ, ಜನಸಂಖ್ಯೆ, ಉಣುಗು ಎಲ್ಲ ಒಂದೇ ಲೇಖನದಲ್ಲಿ. ಓದಿದವರು ಮೆಚ್ಚಿದರು. ಕಾಡು ಕಡಿಯುವುದೇನೂ ನಿಲ್ಲಲಿಲ್ಲ.

1980ರ ದಶಕದ ಮೊದಲಲ್ಲಿ ಕಾಯಿಲೆ ಘಟ್ಟದ ಕೆಳಗೆ ಬೆಳ್ತಂಗಡಿಯಲ್ಲಿ ಕಾಣಿಸಿತು. ಗೇರು ತೋಟಕ್ಕೆಂದು ಕಾಡು ಬೋಳಿಸಿದ ಜಾಗದ ಸುತ್ತ. ಈ ಸಲ ಪ್ರಶ್ನೆ ಕೇಳಿದವರಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಕೂಡ ಇದ್ದರು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ? ಕಾಡು ಕಡಿದುದರ ಲಾಭ ಯಾರಿಗೆ, ಜ್ವರ ಯಾರಿಗೆ? 1987ರ ಲೇಖನದಲ್ಲಿ ಅವರು ಇದನ್ನು 'ಅಭಿವೃದ್ಧಿಯ ಕಾಯಿಲೆ' ಎಂದೇ ಕರೆದರು. ಮಲಗಿದವರು ಹೆಚ್ಚಾಗಿ ಕೂಲಿಯವರು, ಸಣ್ಣ ರೈತರು. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂಬ ಊರಿನ ಮಾತನ್ನೂ ಅವರು ಬರೆದುಕೊಂಡರು. ಮೂಢನಂಬಿಕೆ ಎಂದು ನಗುವವರು ಒಮ್ಮೆ ಬೊಶೆಲ್ ಹೇಳಿದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕಾರಣದ ಹೆಸರು ಬೇರೆ, ಕೊಡಲಿ ಬಿದ್ದ ಜಾಗ ಒಂದೇ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿದ ನಮ್ಮದೇ ಲಸಿಕೆ ಬಂತು, ವರ್ಷಗಟ್ಟಲೆ ಕೊಟ್ಟರು, ಕ್ರಮೇಣ ಅದರ ಬಲ ಸಾಲದೆಂದಾಯಿತು, 2022ರ ಹೊತ್ತಿಗೆ ನಿಂತಿತು. ಅಷ್ಟರಲ್ಲಿ ಕಾಯಿಲೆ 2012ರಲ್ಲಿ ಬಂಡೀಪುರ, ನಂತರ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಸಿಂಧುದುರ್ಗ ಎಂದು ಘಟ್ಟದುದ್ದಕ್ಕೂ ಚಾಚಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಮತ್ತೆ ಎಲ್ಲರ ಬಾಯಲ್ಲಿ ಬಂತು.

ಈಚಿನ ವರ್ಷಗಳಲ್ಲಿ ಸಂಶೋಧಕರು ಒಟ್ಟಿಗೇ ಕೂರತೊಡಗಿದ್ದಾರೆ. ವೈರಸ್ ತಿಳಿದವರು, ಉಣುಗು ತಿಳಿದವರು, ನಕ್ಷೆ ಮಾಡುವವರು, ಸಮಾಜಶಾಸ್ತ್ರದವರು, ಆರೋಗ್ಯ ಮತ್ತು ಪಶುಪಾಲನೆ ಇಲಾಖೆಯವರು. ಪ್ರಶ್ನೆ ಏನಿರಬೇಕು ಎಂಬುದನ್ನೇ ಮೊದಲು ಸೇರಿ ತೀರ್ಮಾನಿಸುವುದು ಇಲ್ಲಿನ ಹೊಸತನ. ಕಾಯಿಲೆಯ ಅಪಾಯ ಎಲ್ಲಿ ಹೆಚ್ಚು ಎಂದು ಹಾಗೆ ಮಾಡಿದ ನಕ್ಷೆಗಳಲ್ಲಿ ದಟ್ಟ ಕಾಡಿಗಿಂತ ಕಾಡು, ತೋಟ, ಗದ್ದೆ ಕಲೆತ ಜಾಗಗಳು ಎದ್ದು ಕಂಡವು. ಅಂದರೆ ಮನೆಯ ಹಿತ್ತಲು.

ಊರಿನವರ ಪ್ರಶ್ನೆ ಮಾತ್ರ ಮೊದಲಿಂದಲೂ ಬೇರೆಯದೇ. ಕಾಡಿಗೆ ಹೋಗಬೇಡಿ ಎಂದು ಆರೋಗ್ಯ ಕಾರ್ಯಕರ್ತೆ ಹೇಳುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆಯ ಬಾಟಲಿ ಕೊಡುತ್ತಾರೆ. ಮಂಗ ಸತ್ತ ಜಾಗದ ಸುತ್ತ 50 ಅಡಿ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಆದರೆ ಮರಿ ಉಣುಗು ಏಳುವ ತಿಂಗಳುಗಳೂ ದರಗು ಗುಡಿಸುವ ತಿಂಗಳುಗಳೂ ಒಂದೇ. ಕೊಟ್ಟಿಗೆಗೆ ಹಾಸಲು, ತೋಟದ ಗೊಬ್ಬರಕ್ಕೆ ಆ ಒಣ ಎಲೆ ಬೇಕೇ ಬೇಕು. ಮಳೆ ಬಿದ್ದ ಮೇಲೆ ಅದು ಸಿಗುವುದಿಲ್ಲ. ಹಾಗಾಗಿ ಎಣ್ಣೆ ಹಚ್ಚಿಕೊಂಡು, ಹಳೆಯ ಫುಲ್ ತೋಳಿನ ಅಂಗಿ ಹಾಕಿಕೊಂಡು, ಬುಟ್ಟಿ ಹೊತ್ತು ಈ ಜನವರಿಯಲ್ಲೂ ಹೆಂಗಸರು ಬೆಟ್ಟಕ್ಕೆ ಹೋಗುತ್ತಾರೆ.