ಅಳಿವೆ ಹತ್ತಿರ ಬಂದಾಗಲೇ ಎಂಜಿನ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮದು ದೋಣಿಯ ಹಿಂಬದಿಗೆ ಕಟ್ಟುವ ಹಳೆಯ 25 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲಿನಲ್ಲಿ ಓಡುವುದು. ಹೊಳೆಯೊಳಗೆ ನಿಧಾನ ಹೋಗುವಾಗ ಏನೂ ತೊಂದರೆ ಇಲ್ಲ. ಹೊಳೆ ಕಡಲು ಸೇರುವ ಅಳಿವೆ ಹತ್ತಿರ ಬಂದು ಪೂರ್ತಿ ಎಕ್ಸಿಲೇಟರ್ ಕೊಟ್ಟರೆ ಎರಡು ಮೂರು ನಿಮಿಷಕ್ಕೆ ದಮ್ಮು ಕಟ್ಟಿದ ಹಾಗೆ ಮಾಡಿ ನಿಲ್ಲುತ್ತದೆ. ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಬಲ್ಬ್ ಇದೆಯಲ್ಲ, ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಕಾರ್ಬೊರೇಟರ್ ಎರಡು ಸಲ ತೊಳೆಸಿದೆ, ಪ್ಲಗ್ ಬದಲಿಸಿದೆ. ಇನ್ನೇನು ಮಾಡಲಿ?

ಉತ್ತರ: ಮೊದಲು, ಕಾರ್ಬೊರೇಟರನ್ನು ಮೂರನೇ ಸಲ ಬಿಚ್ಚಿಸಬೇಡಿ. ತೊಂದರೆ ಎಲ್ಲಿಲ್ಲ ಅನ್ನುವುದನ್ನು ನಿಮ್ಮ ಪ್ರಶ್ನೆಯೇ ಹೇಳುತ್ತಿದೆ. ಬಲ್ಬ್ ಒತ್ತಿದರೆ ಓಡುತ್ತದೆ ಅಂದಿರಲ್ಲ, ಆ ಒಂದು ಮಾತು ಸಾಕು. ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡಿದ್ದರೆ ನೀವು ಎಷ್ಟು ಬಲ್ಬ್ ಒತ್ತಿದರೂ ಪ್ರಯೋಜನ ಇರುತ್ತಿರಲಿಲ್ಲ. ಯಾಕಂದರೆ ಆಗ ಅದರ ಬಟ್ಟಲಿನಲ್ಲಿ ಪೆಟ್ರೋಲ್ ತುಂಬಿಯೇ ಇರುತ್ತದೆ, ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ಸೂಜಿಯು ಪೆಟ್ರೋಲ್ ಬರುವ ಬಾಯಿ ಮುಚ್ಚಿರುತ್ತದೆ. ನಿಮ್ಮ ಎಂಜಿನ್ನಿಗೆ ಆ ಬಟ್ಟಲಿನ ತನಕವೇ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಕರೆಂಟಿನ ತೊಂದರೆಯೂ ಇದಲ್ಲ. ಕಾಯಿಲ್ ಕೈಕೊಟ್ಟರೆ ಎಂಜಿನ್ ಸ್ವಿಚ್ ಆರಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಹೀಗೆ ಏಳುತ್ತಾ ಬೀಳುತ್ತಾ ಸಾಯುವುದು ಪೆಟ್ರೋಲ್ ಸಾಲದ ಎಂಜಿನ್.

ಹಾಗಾದರೆ ಅಳಿವೆಯಲ್ಲೇ ಯಾಕೆ? 25 ಎಚ್‌ಪಿ ಟೂ ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 10 ಲೀಟರ್ ಕುಡಿಯುತ್ತದೆ. ಹೊಳೆಯಲ್ಲಿ ಮೆಲ್ಲಗೆ ಹೋಗುವಾಗ ಅದರಲ್ಲಿ ಸ್ವಲ್ಪವೇ ಸಾಕು. ಅರ್ಧ ಕಟ್ಟಿದ ಪೈಪೂ ಅಷ್ಟನ್ನು ಸಾಗಿಸುತ್ತದೆ, ಹಾಗಾಗಿ ತೊಂದರೆ ಕಾಣುವುದೇ ಇಲ್ಲ. ಪೂರ್ತಿ ವೇಗ ಕೊಟ್ಟಾಗ ಬಟ್ಟಲಿಗೆ ಬರುವುದಕ್ಕಿಂತ ಖರ್ಚಾಗುವುದು ಜಾಸ್ತಿಯಾಗಿ ಬಟ್ಟಲು ಬರಿದಾಗುತ್ತದೆ. ಅದರ ಮೇಲೆ ಅಳಿವೆಯ ತೆರೆಗೆ ದೋಣಿ ಕುಲುಕಿ, ಟ್ಯಾಂಕಿನ ತಳದಲ್ಲಿ ಕೂತ ನೀರು, ಕಸ ಮೇಲೆದ್ದು ಪೈಪಿನ ಬಾಯಿಗೆ ಬರುತ್ತದೆ. ಹೊನ್ನಾವರದಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಅಳಿವೆ ಅಂದರೆ ಮರಳು ದಿಬ್ಬದ ಮೇಲೆ ತೆರೆ ಒಡೆಯುವ ಜಾಗ. ಅಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಆಮೇಲೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ, ಇದು ಸರಿಯಾಗುವ ತನಕ ದಯವಿಟ್ಟು ಅಳಿವೆ ದಾಟಬೇಡಿ.

ಇನ್ನೊಂದು ಅಪಾಯವೂ ಇದೆ. ಟೂ ಸ್ಟ್ರೋಕಿಗೆ ಆಯಿಲ್ ಪೆಟ್ರೋಲಿನ ಜೊತೆಗೇ ಒಳಗೆ ಹೋಗುವುದು ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಹಾಗೇ ಎಳೆದುಕೊಂಡು ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಬಲ್ಬ್ ಒತ್ತುತ್ತಾ ಹೇಗೋ ದಿನ ದೂಡುವವರನ್ನು ನೋಡಿದ್ದೇನೆ. ನೂರು ರೂಪಾಯಿಯ ಪೈಪಿಗೆ ನೋಡಿ ಕೊನೆಗೆ ಪಿಸ್ಟನ್ನಿಗೆ ದುಡ್ಡು ಹಾಕಿದರು.

ಈಗ ಹುಡುಕುವ ಕೆಲಸ. ಟ್ಯಾಂಕಿನಿಂದ ಶುರುಮಾಡಿ ಎಂಜಿನ್ ಕಡೆಗೆ ಬನ್ನಿ, ಆ ಕಡೆಯಿಂದ ಈ ಕಡೆಗಲ್ಲ. ದಾರಿ ತೋರಿಸುವುದು ಬಲ್ಬೇ. ಹೊಳೆಯೊಳಗೆ, ದಡಕ್ಕೆ ಹತ್ತಿರ, ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಪೂರ್ತಿ ವೇಗದಲ್ಲಿ ಓಡಿಸಿ. ಎಂಜಿನ್ ತಡವರಿಸಲು ಶುರುವಾದ ಕ್ಷಣ ಅವರು ಬಲ್ಬ್ ಹಿಡಿದು ನೋಡಲಿ. (ಡ್ರಮ್ಮಿನ ನೀರಲ್ಲಿಟ್ಟು ಓಡಿಸಿ ನೋಡುವುದು ಇದಕ್ಕೆ ಆಗುವುದಿಲ್ಲ. ಅಲ್ಲಿ ಎಂಜಿನ್ನಿಗೆ ಭಾರವೇ ಬೀಳುವುದಿಲ್ಲ. ಗ್ಯಾರೇಜಲ್ಲಿ ಚೆನ್ನಾಗಿತ್ತು, ನೀರಿಗಿಳಿದರೆ ಮತ್ತೆ ಅದೇ ಕಥೆ ಅನ್ನುವುದು ಇದರಿಂದಲೇ.)

ಬಲ್ಬ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ, ಅಡ್ಡಿ ಇರುವುದು ಟ್ಯಾಂಕ್ ಕಡೆ. ಮೊದಲು ನೋಡಬೇಕಾದದ್ದು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು. ಟ್ಯಾಂಕಿನಿಂದ ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ತಿರುಪು ಮುಚ್ಚಿದ್ದರೆ, ಇಲ್ಲಾ ಅದರ ತೂತಿನಲ್ಲಿ ಉಪ್ಪು ಕಟ್ಟಿದ್ದರೆ, ಗಾಳಿ ಬರುವುದಿಲ್ಲ. ಒಮ್ಮೆ ಪರಿಚಯದವರ ದೋಣಿಯಲ್ಲಿ ಕೆಂಪು ಪ್ಲಾಸ್ಟಿಕ್ ಟ್ಯಾಂಕಿನ ಎರಡೂ ಕೆನ್ನೆ ಒಳಗೆ ಹೋಗಿದ್ದನ್ನು ಕಂಡೆ. ತಿರುಪನ್ನು ಅರ್ಧ ಸುತ್ತು ಬಿಟ್ಟಿದ್ದೇ ತಡ, ಸುಯ್ಯೆಂದು ಗಾಳಿ ಎಳೆದುಕೊಂಡು ಟ್ಯಾಂಕ್ ಟಪ್ಪೆಂದು ಮೊದಲಿನ ಆಕಾರಕ್ಕೆ ಬಂತು. ಆ ದಿನ ಬೇರೆ ರಿಪೇರಿಯೇ ಬೇಕಾಗಲಿಲ್ಲ. ತಿರುಪು ಸರಿಯಿದ್ದರೆ ಟ್ಯಾಂಕಿನೊಳಗೆ ಇಳಿದಿರುವ ಪೈಪಿನ ತುದಿಯ ಜಾಲರಿ ನೋಡಿ. ಹಳೇ ಟ್ಯಾಂಕುಗಳಲ್ಲಿ ಅದರ ಮೇಲೆ ಕಂದು ಬಣ್ಣದ ಅಂಟು ಕೂತಿರುತ್ತದೆ.

ಬಲ್ಬ್ ಚಪ್ಪಟೆಯಾಗದೆ ಮೆತ್ತಗೆ ಮೆತ್ತಗೆ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಇಲ್ಲೇ ತುಂಬಾ ಜನ ಮೋಸ ಹೋಗುವುದು. ಪೆಟ್ರೋಲ್ ಸೋರುತ್ತಿಲ್ಲವಲ್ಲ, ಪೈಪ್ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಎಂಜಿನ್ ಓಡುವಾಗ ಈ ಪೈಪಿನಲ್ಲಿ ಎಳೆತ ಇರುವುದು, ಒತ್ತಡ ಅಲ್ಲ. ಬಿರುಕಿನಿಂದ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಂಜಿನ್ ಆರಿಸಿ, ಬಲ್ಬ್ ಬಾಣದ ಗುರುತು ಮೇಲೆ ಬರುವಂತೆ ನೆಟ್ಟಗೆ ಹಿಡಿದು ಗಟ್ಟಿಯಾಗುವ ತನಕ ಒತ್ತಿ. ಆಮೇಲೆ ಬಲ್ಬಿನಿಂದ ಎಂಜಿನ್ ತನಕ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಒದ್ದೆಯಾದ ಜಾಗ ಸಿಕ್ಕರೆ ಅದೇ ಕಳ್ಳ. ಎಂಜಿನ್ನಿಗೆ ಸಿಕ್ಕಿಸುವ ಕನೆಕ್ಟರಿನ ರಬ್ಬರ್ ರಿಂಗ್ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಟ್ಯಾಂಕಿಗೂ ಬಲ್ಬಿಗೂ ನಡುವಿನ ಪೈಪಿಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಬದಲಿಸಿಯೇ ನೋಡಬೇಕು.

ಬಲ್ಬ್ ಗುಂಡಗೆ, ಗಟ್ಟಿಯಾಗೇ ಇದ್ದೂ ಎಂಜಿನ್ ಸಾಯುತ್ತಿದೆಯಾ? ನೀವು ಬರೆದದ್ದನ್ನು ನೋಡಿದರೆ ನನಗೆ ಹೆಚ್ಚು ಅನುಮಾನ ಇರುವುದು ಇದರ ಮೇಲೆಯೇ. ಆಗ ಅಡ್ಡಿ ಬಲ್ಬಿನಿಂದ ಮುಂದೆ ಇದೆ: ಫಿಲ್ಟರ್, ಪಂಪ್, ಇಲ್ಲಾ ಪೈಪೇ. ಫಿಲ್ಟರ್ ಬಿಚ್ಚಿ ನೋಡುವುದು ಐದು ನಿಮಿಷದ ಕೆಲಸ. ಪಂಪಿನೊಳಗೆ ಡಯಾಫ್ರಮ್ ಅನ್ನುವ ತೆಳುವಾದ ಒಂದು ಪೊರೆ ಇರುತ್ತದೆ. ಪಿಸ್ಟನ್ನಿನ ಹಿಂದಿರುವ ಕೋಣೆ, ಅಂದರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದ ಹಾಗೆ ಅದು ಹಿಂದೆ ಮುಂದೆ ಆಡಿ ಪೆಟ್ರೋಲ್ ಎಳೆಯುತ್ತದೆ. ವರ್ಷಗಳಾದ ಮೇಲೆ ಅದು ಬಿರುಸಾಗುತ್ತದೆ, ಜಗ್ಗುತ್ತದೆ. ಸೂಜಿಯಷ್ಟು ತೂತಾದರೂ ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದು ಪ್ಲಗ್ ಕಪ್ಪಗೆ ಒದ್ದೆಯಾಗುತ್ತದೆ. ಬಿಚ್ಚಿದ ಮೇಲೆ ಹಳೆಯದನ್ನೇ ತೊಳೆದು ಹಾಕಬೇಡಿ, ಪಂಪಿನ ರಿಪೇರಿ ಕಿಟ್ ತಂದು ಹೊಸದು ಹಾಕಿ.

ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಈಗ ಜಾಸ್ತಿಯಾಗುತ್ತಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ. 10 ಎಥನಾಲ್ ಬೆರೆಸುವ ಗುರಿ 2022ರಲ್ಲಿ ಮುಟ್ಟಿತು. ಶೇ. 20 ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಹಳೇ ಎಂಜಿನ್ನಿನ ರಬ್ಬರನ್ನು ಇಷ್ಟು ಎಥನಾಲ್ ಮನಸ್ಸಲ್ಲಿಟ್ಟು ಮಾಡಿದ್ದಲ್ಲ. ಪೈಪು ಹೊರಗಿನಿಂದ ಕಪ್ಪಗೆ, ಗಟ್ಟಿಯಾಗಿ, ಏನೂ ಆಗದ ಹಾಗೇ ಕಾಣುತ್ತದೆ. ಅಂಥ ಒಂದು ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದ್ದೇನೆ. ಒಳಗಿನ ಪದರ ಬೆಂದ ಗೆಣಸಿನ ಸಿಪ್ಪೆಯಂತೆ ಬಿಟ್ಟುಕೊಂಡಿತ್ತು. ಪಂಪ್ ಜೋರಾಗಿ ಎಳೆದಾಗ ಆ ಸಿಪ್ಪೆ ಮಡಚಿ ದಾರಿ ಮುಚ್ಚುತ್ತದೆ. ಬಲ್ಬ್ ಒತ್ತಿದಾಗ ಗೋಡೆಗೆ ಅಂಟಿ ದಾರಿ ಬಿಡುತ್ತದೆ. ನಿಮ್ಮ ಎಂಜಿನ್ ಮಾಡುತ್ತಿರುವುದು ಅದನ್ನೇ ಅಲ್ವಾ?

ಎಥನಾಲಿನದು ಇನ್ನೊಂದು ಗುಣ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೈಪಿನ ಬಾಯಿ ಇರುವುದೂ ತಳದಲ್ಲೇ. ನೀವು ಬೆರೆಸಿದ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹಾಗಾಗಿ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ, ಇಲ್ಲಾ ಇಡೀ ಬಾಟಲಿ ಮಬ್ಬಾಗಿದ್ದರೆ ಆ ಪೆಟ್ರೋಲ್ ಬೇಡ. ಮಳೆಗಾಲದಲ್ಲಿ ಎಂಜಿನ್ ಎತ್ತಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನ ಬಟ್ಟಲಿನ ಅಡಿಯ ತಿರುಪು ತೆಗೆದು ಅದನ್ನೂ ಬರಿದು ಮಾಡಿ ಇಡಿ. ನಿಂತ ಪೆಟ್ರೋಲೇ ಮುಂದೆ ಅಂಟಾಗುವುದು.

ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್ ಇರುವವರಿಗೂ ಒಂದು ಮಾತು. ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ತಿರುಗಿಸಿ ಓಡಿಸಿ. ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನ್ ಹಗ್ಗ ಎಳೆದೆಳೆದು ತೋಳು ಬಿದ್ದರೂ ಹತ್ತುವುದಿಲ್ಲ.

ಜೆಟ್ ತೊಳೆಯುವಾಗ ತಂತಿ ಹಾಕಿ ಚುಚ್ಚಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಸ್ವಲ್ಪ ಅಗಲವಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಗಾಳದ ನೈಲಾನ್ ದಾರದ ತುಂಡು ಸಾಕು, ಅದರಿಂದ ಜೆಟ್ಟಿಗೆ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ಬೇಗ ಮಾಡಬಹುದಾದ್ದು ಒಂದಿದೆ. ಪಕ್ಕದ ದೋಣಿಯವರದ್ದು ನಿಮ್ಮದೇ ಕಂಪನಿಯ ಎಂಜಿನ್ ಆಗಿದ್ದರೆ, ಚೆನ್ನಾಗಿ ಓಡುತ್ತಿರುವ ಅವರ ಟ್ಯಾಂಕ್, ಪೈಪ್, ಬಲ್ಬ್ ಮೂರನ್ನೂ ಒಂದು ಗಂಟೆ ಕೇಳಿ ತನ್ನಿ. ಅದರಲ್ಲಿ ನಿಮ್ಮ ಎಂಜಿನ್ ಸರಿಯಾಗಿ ಓಡಿದರೆ ಎಂಜಿನ್ ಮುಟ್ಟುವುದೇ ಬೇಡ. ಪೆಟ್ರೋಲಿಗೆ ಅಂತಲೇ ಮಾಡಿದ ಪೈಪು, ಬಲ್ಬು, ಹೊಸ ಕ್ಲಿಪ್ಪು ಹಾಕಿ. ಸುಮ್ನೆ ಸಿಕ್ಕಿದ ನೀರಿನ ಪೈಪ್ ಬೇಡ. ಆಗಲೂ ನಿಂತರೆ ಪಂಪ್ ಬಿಚ್ಚಿ. ಈ ಕೆಲಸವನ್ನೆಲ್ಲ ದಡದಲ್ಲಿ, ಗಾಳಿಯಾಡುವ ಕಡೆ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಸೇರಿಕೊಳ್ಳುತ್ತದೆ, ಒಂದು ಬೀಡಿಯ ಕಿಡಿ ಸಾಕು.

ಸರಿಯಾಯಿತು ಅನ್ನಿಸಿದ ಮೇಲೂ ನೇರವಾಗಿ ಕಡಲಿಗೆ ಹೋಗಬೇಡಿ. ಹೊಳೆಯೊಳಗೆ ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಬಲ್ಬ್ ಮುಟ್ಟದೆ. ಅಷ್ಟು ಹೊತ್ತು ಒಂದೇ ಸಮನೆ ಓಡಿದರೆ ಅಳಿವೆ ಕಡೆ ತಿರುಗಿಸಿ. ಹೊರಡುವ ಮೊದಲು ಲಂಗರು, ಹುಟ್ಟು, ಲೈಫ್ ಜಾಕೆಟ್ ದೋಣಿಯಲ್ಲಿವೆಯಾ ನೋಡಿಕೊಳ್ಳಿ, ಗಾಳಿಯ ತಿರುಪನ್ನೂ.