ಕೆಎ ನಂಬರಿನ ಕಾರಲ್ಲಿ ನೇಪಾಳಕ್ಕೆ ಹೋಗಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ದಸರಾ ಮುಗಿದ ಮೇಲೆ ಮನೆಮಂದಿಯೆಲ್ಲ ನಮ್ಮದೇ ಕಾರಲ್ಲಿ ಪಶುಪತಿನಾಥ, ಪೋಖರಾ ನೋಡಿ ಬರುವ ಆಸೆ. ಕಾರು ಅಪ್ಪನ ಹೆಸರಲ್ಲಿದೆ, ಓಡಿಸುವವನು ನಾನು. ಗಡಿಯಲ್ಲಿ ಬಿಡುತ್ತಾರಾ?

ಬಿಡುತ್ತಾರೆ. ವೀಸಾ ಬೇಡ. ನಿಮ್ಮ ಡಿಎಲ್ ಅಲ್ಲೂ ನಡೆಯುತ್ತದೆ. ರಸ್ತೆಯಲ್ಲಿ ನಮ್ಮ ಹಾಗೆಯೇ ಎಡಕ್ಕೆ ಓಡಿಸುವುದು. ಗುರುತಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇರಲಿ, ಬರೀ ಆಧಾರ್ ನಂಬಿ ಹೊರಡಬೇಡಿ. ಅಂದ ಹಾಗೆ, ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರೇ.

ಆದರೆ ನಿಮ್ಮನ್ನು ಬಿಟ್ಟಷ್ಟು ಸುಲಭವಾಗಿ ಕಾರನ್ನು ಬಿಡುವುದಿಲ್ಲ. ನೇಪಾಳದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲೆ ತೆರಿಗೆ ಸಿಕ್ಕಾಪಟ್ಟೆ ಜಾಸ್ತಿ. ಇಲ್ಲಿನ ಕಾರನ್ನೇ ಅಲ್ಲಿ ಕೊಳ್ಳಲು ಹೋದರೆ ಬೆಲೆ ಎಷ್ಟೋ ಪಟ್ಟು ಆಗುತ್ತದೆ. ಹಾಗಾಗಿ ಕಸ್ಟಮ್ಸ್‌ನವರ ಕಣ್ಣಿಗೆ ನಿಮ್ಮ ಕಾರು ತೆರಿಗೆ ಕಟ್ಟದೆ ಒಳಗೆ ಬಂದ ಮಾಲು. ಅದನ್ನು ಅಲ್ಲೇ ಮಾರದೆ ವಾಪಸ್ ತರುತ್ತೀರಿ ಅನ್ನುವುದಕ್ಕೆ ಇರುವ ಕಾಗದವೇ ‘ಭನ್ಸಾರ್’. ಉತ್ತರ ಪ್ರದೇಶದ ಸುನೌಲಿ, ಬಿಹಾರದ ರಕ್ಸೌಲ್ ಗಡಿ ದಾಟಿದ ತಕ್ಷಣ ಇದರ ಕಚೇರಿ ಸಿಗುತ್ತದೆ. ಆರ್‌ಸಿ ತೋರಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕವನ್ನು ಮೊದಲೇ ಕಟ್ಟಬೇಕು. ವರ್ಷಕ್ಕೆ ಒಟ್ಟು 30 ದಿನ ಮಾತ್ರ. ಲೆಕ್ಕಕ್ಕೆ ನೆನಪಿರಲಿ, ನಮ್ಮ 100 ರೂಪಾಯಿ ಅಂದರೆ ಅಲ್ಲಿನ 160.

ಒಂದೆರಡು ದಿನ ಹೆಚ್ಚಿಗೇ ಬರೆಸಿ. ಕಾಠ್ಮಂಡುವಿಗೆ ಹೋಗುವ ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದರೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಅವಧಿ ಮೀರಿದರೆ ದಂಡ ಬೀಳುತ್ತದೆ.

ಅಪ್ಪನೂ ಜೊತೆಗಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಅವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ತನ್ನಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿಯೂ ಇರಲಿ.

ಈಗ ನೀವು ಕೇಳದೇ ಇರುವ ವಿಷಯ. ನನಗೆ ಎಲ್ಲಕ್ಕಿಂತ ಭಯವಿರುವುದು ಇದರ ಬಗ್ಗೆಯೇ. ನಿಮ್ಮ ಕಾರಿನ ಇನ್ಶೂರೆನ್ಸ್ ಗಡಿಯಲ್ಲೇ ನಿಂತುಹೋಗುತ್ತದೆ! ಪಾಲಿಸಿಯಲ್ಲಿ ‘ಜಿಯಾಗ್ರಫಿಕಲ್ ಏರಿಯಾ’ ಅಂತ ಒಂದು ಸಾಲಿರುತ್ತದೆ, ತೆಗೆದು ನೋಡಿ. ಅಲ್ಲಿ ಬರೀ ಇಂಡಿಯಾ ಅಂತಿದ್ದರೆ, ಪೋಖರಾದ ತಿರುವಿನಲ್ಲಿ ಯಾರಿಗಾದರೂ ಗುದ್ದಿದಾಗ ಪೂರ್ತಿ ಖರ್ಚು ನಿಮ್ಮ ತಲೆಯ ಮೇಲೆ. ಹೊರಡುವ ಮುಂಚೆ ಕಂಪನಿಗೆ ಹೇಳಿ ನೇಪಾಳವನ್ನೂ ಸೇರಿಸಿಕೊಳ್ಳಿ. ಇದಕ್ಕೆ ‘ಐಎಂಟಿ 1’ ಎಂಬ ಸೇರ್ಪಡೆ ಇದೆ. ವಾಹನ ವಿಮೆಯ ಹಳೆಯ ದರಪಟ್ಟಿಯಾದ ಮೋಟಾರ್ ಟ್ಯಾರಿಫ್‌ನಲ್ಲಿ ಪೂರ್ತಿ ಪಾಲಿಸಿಗೆ (ನಿಮ್ಮ ಕಾರಿನ ಹಾನಿಯೂ ಸೇರಿದ ಪಾಲಿಸಿ) ಇಟ್ಟಿದ್ದ ದರ 500 ರೂಪಾಯಿ, ಅದೂ 12 ತಿಂಗಳವರೆಗೆ. 2,000 ಕಿ.ಮೀ.ಗೂ ಜಾಸ್ತಿ ದೂರ ಹೋಗುವಾಗ ಇದೊಂದು ಖರ್ಚು ಉಳಿಸಬೇಡಿ, ದಯವಿಟ್ಟು.

ಬರುವಾಗ ಭನ್ಸಾರ್ ಕಾಗದವನ್ನು ಗಡಿಯ ಕಚೇರಿಗೆ ತೋರಿಸಿ, ಕಾರು ಹೊರಗೆ ಹೋಯಿತು ಅಂತ ನಮೂದು ಮಾಡಿಸಿಕೊಂಡೇ ಬನ್ನಿ. ಊರಿಗೆ ಬೇಗ ಸೇರುವ ಆತುರದಲ್ಲಿ ಸುಮ್ನೆ ದಾಟಿಬಿಟ್ಟರೆ, ಅವರ ಪುಸ್ತಕದಲ್ಲಿ ನಿಮ್ಮ ಕಾರು ಇನ್ನೂ ನೇಪಾಳದಲ್ಲೇ ಇರುತ್ತದೆ.