ಜಿಪ್ಸಂ ಹಾಕಿದರೂ ಕಬ್ಬಿನ ಎಲೆ ಬಿಳಿಚುವುದು ಯಾಕೆ?

ಪ್ರಶ್ನೆ: ನಾವು ಪುಣೆಯ ಹಡಪಸರದಲ್ಲಿದ್ದೇವೆ. ಇಂದಾಪುರದ ಹತ್ತಿರ ಸವುಳು ಹಿಡಿದ (ಸೋಡಿಯಂ ಹೆಚ್ಚಾಗಿ ಕ್ಷಾರವಾದ) ಎರೆ ಹೊಲ ಇದೆ. ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಿದೆವು, ನೀರು ಕಟ್ಟಿ ತೊಳೆದೆವು. ಈಗ ನೀರು ಚೆನ್ನಾಗಿ ಇಂಗುತ್ತಿದೆ. ಆದರೂ ಕೂಳೆ ಕಬ್ಬಿನ ಎಳೆ ಎಲೆ ಬಿಳಿಚುತ್ತಿದೆ. ಇನ್ನಷ್ಟು ಜಿಪ್ಸಂ ಬೇಕಾ ಸರ್?

ಬೇಡ. ನೀರು ಇಂಗತೊಡಗಿದೆ ಅಂದರೆ ಜಿಪ್ಸಂ ತನ್ನ ಕೆಲಸ ಮಾಡಿದೆ. ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿ ನೀರು ಇಂಗದಂತೆ ತಡೆಯುವ ಸೋಡಿಯಂ ಬಿಡಿಸುತ್ತದೆ, ಸೋಡಿಯಂ ನೀರಿನ ಜೊತೆ ಬಸಿದು ಹೋಗುತ್ತದೆ. ಬೆಳೆಗೆ ಕಬ್ಬಿಣ ಒದಗಿಸುವುದು ಬೇರೆಯೇ ಕೆಲಸ.

ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಗೆರೆ ಬಂದರೆ ಹೆಚ್ಚಾಗಿ ಅದು ಕಬ್ಬಿಣದ ಕೊರತೆ. ತಮಾಷೆ ಏನೆಂದರೆ, ಮಣ್ಣಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ. ಬೇರಿಗೆ ಸಿಗುವ ರೂಪದಲ್ಲಿಲ್ಲ, ಅಷ್ಟೇ. ಪಿಎಚ್ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಒಂದು ಅಂಕಿ ಏರಿದರೆ ಕರಗಿದ ಸತು ಸುಮಾರು 100 ಪಟ್ಟು ಇಳಿಯುತ್ತದೆ, ಕಬ್ಬಿಣ 1000 ಪಟ್ಟು! ಜಿಪ್ಸಂನಿಂದ ಪಿಎಚ್ 9.5ರಿಂದ 8.3ರ ಆಸುಪಾಸಿಗೆ ಬರಬಹುದು. ಆದರೆ ಆ ಕಡೆಯ ಎರೆಮಣ್ಣಲ್ಲಿ ಸುಣ್ಣ ಜಾಸ್ತಿ ಅಲ್ವಾ? ಅದು ಇರುವವರೆಗೆ ಪಿಎಚ್ ಇನ್ನೂ ಕೆಳಗಿಳಿಯುವುದು ಕಷ್ಟ. ಜಿಪ್ಸಂ ಮೇಲೆ ಜಿಪ್ಸಂ ಸುರಿದರೆ ಸುಮ್ನೆ ದುಡ್ಡು ದಂಡ. ನಾಲೆಗೆ ನೀರು ಬಂತು ಅಂತ ಹೊಲ ತುಂಬಿಸಿ ಬಿಡುವ ಚಾಳಿಯೂ ಕಬ್ಬಿಣದ ಕೊರತೆಯನ್ನು ಹೆಚ್ಚಿಸುತ್ತದೆ.

ಬೆಳೆಗೆ ಚೂರೇ ಚೂರು ಬೇಕಾದ ಇನ್ನೊಂದು ಪೋಷಕಾಂಶ ಬೋರಾನ್, ಅದರ ಕಥೆ ಉಲ್ಟಾ. ಸವುಳು ಮಣ್ಣಲ್ಲಿ ಅದು ಕೆಲವೊಮ್ಮೆ ವಿಷವಾಗುವಷ್ಟು ಇರುತ್ತದೆ, ಜಿಪ್ಸಂ ಹಾಕಿ ತೊಳೆದಾಗ ಕಡಿಮೆಯಾಗುತ್ತದೆ. ಹಾಗಾಗಿ ಇಂಥ ಪೋಷಕಾಂಶ ಎಲ್ಲವನ್ನೂ ಬೆರೆಸಿ ಮಾರುವ ಪೊಟ್ಟಣ ನನಗೆ ಇಷ್ಟವಿಲ್ಲ. ಬೇಡದ ಬೋರಾನ್‌ಗೆ ದುಡ್ಡು ಕೊಟ್ಟು ಮತ್ತೆ ಹೊಲಕ್ಕೆ ತಂದಂತೆ. ಮ್ಯಾಂಗನೀಸ್ ನೀರು ನಿಂತ ಭತ್ತದ ಗದ್ದೆಯಲ್ಲಿ ಕರಗಿ ಕೆಳಗಿಳಿಯುತ್ತದೆ. ಪಂಜಾಬಿನ ಮರಳು ಹೊಲಗಳಲ್ಲಿ ಭತ್ತದ ನಂತರದ ಗೋಧಿಗೆ ಅದರ ಕೊರತೆ ಬಂದದ್ದು ಹೀಗೆ. ನಿಮಗೆ ಆ ಚಿಂತೆ ಅಷ್ಟಿಲ್ಲ.

ಈಗ 100 ಲೀಟರ್ ನೀರಿಗೆ ಅರ್ಧ ಕೆಜಿ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), ಸ್ವಲ್ಪ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ದ್ರಾವಣ ಚೆಲ್ಲಿಬಿಡಿ. ಮಣ್ಣಿಗೆ ಹಾಕುವುದಾದರೆ ಚೆನ್ನಾಗಿ ಕೊಳೆತ ಗೊಬ್ಬರದಲ್ಲಿ ಕಲಸಿ ಹಾಕಿ. ಬರಿದೇ ಎರಚಿದರೆ ಬೇಗನೆ ತುಕ್ಕಾಗುತ್ತದೆ.

ಮುಂದಿನ ಮಣ್ಣು ಪರೀಕ್ಷೆಯಲ್ಲಿ ಪಿಎಚ್ ಜೊತೆ ಸತು, ಕಬ್ಬಿಣವನ್ನೂ ಕೇಳಿ ಬರೆಸಿ. ಕಬ್ಬಿಣ 4.5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ), ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. ಸತು ಕಡಿಮೆ ಬಂದರೆ ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್ ಸಾಕು. ರಂಜಕದ ಗೊಬ್ಬರವಾದ ಡಿಎಪಿ ಜೊತೆ ಮಾತ್ರ ಅದನ್ನು ಬೆರೆಸಬೇಡಿ.